ಪಂಕ್ತಿಗೆ ಬಡಿಸಿದ ಔಷಧಿ

ಗೆಳೆಯರೇ, ಗುಡೂರಿನ ನಮ್ಮ ಸೋದರಮಾವನಂಥ ಧರ್ಮಾತ್ಮರಿಗೆ ರೋಗ ಬರಬಾರದು. ಬಂದರೂ ಔಷಧಿ ಕೊಡಬಾರದು. ಮಾವನಿಗೆ ವರ್ಷಗಳಿಂದ ಎದೆ ಉರಿ, ಹುಳಿ ತೇಗು. ಇಳಕಲ್ಲಿನ ಡಾಕ್ಟರು ತಿಂಗಳಿಗಾಗುವಷ್ಟು ಔಷಧಿ ಕೊಟ್ಟಿದ್ದರು. ವಾರವೂ ಕಳೆದಿಲ್ಲ, ಇವತ್ತು ಮಾವ ಅವರ ಮೇಜಿನ ಮೇಲೆ ಖಾಲಿ ಬಾಟಲಿ ಇಟ್ಟು ಹೇಳಿದ: "ನಿಮ್ಮ ಔಷಧ ನನಗ ಹತ್ತಲಿಲ್ರಿ."

"ಊಟಾದ ಮ್ಯಾಲೆ ಎರಡ ಚಮಚಾ ಅಂದಿದ್ನೆಲ್ರಿ ಗೌಡ್ರ. ಇಷ್ಟ ಲಗೂ ಹೆಂಗ ತೀರ್ತು?"

"ಕೆಂಪ ಮೆಣಸಿನಕಾಯಿ ರಂಜಕಾ ಎಲ್ಲಾರೂ ತಿಂತಾರ, ಔಷಧ ನಾ ಒಬ್ಬನ ಹೆಂಗ ಕುಡೀಲಿ? ದಿನಾ ಪಂಕ್ತಿಗೆ ಕುಂತವರಿಗೆಲ್ಲಾ ಎರಡೆರಡ ಚಮಚಾ ಹಾಕಿಸಿದೆ. ನಮ್ಮ ಮನ್ಯಾಗ ಪಂಕ್ತಿಭೇದ ಇಲ್ರಿ."

"ಮತ್ತ ಗುಳಿಗಿ?"

ಹೊಟ್ಟೆಯಲ್ಲಿ ಹುಳಿ ಹುಟ್ಟುವುದನ್ನೇ ತಗ್ಗಿಸುವ ಹೊಸ ಗುಳಿಗೆಗಳವು. ನಮ್ಮ ಕಡೆ ಇನ್ನೂ ಸಿಗದ ಕಾರಣ ಡಾಕ್ಟರು ಹುಬ್ಬಳ್ಳಿಯಿಂದ ತರಿಸಿದ್ದರು.

"ಅವನ್ನೂ ಹಂಚೇನ್ರಿ. ಎಲ್ಲಾರೂ ಭಾಳ ಛಲೋ ಅದಾವ ಅಂದ್ರು."

ಡಾಕ್ಟರು ಹಣೆ ಒತ್ತಿಕೊಂಡು ಬಾಗಿಲ ಬಳಿ ನಿಂತಿದ್ದ ಅತ್ತೆಯ ಕಡೆ ತಿರುಗಿದರು. ಅವಳಿಗೂ ಅದೇ ಉರಿ, ಮಾವನದಕ್ಕಿಂತ ಹಳೆಯದು.

"ನಿಮಗರೆ ಗುಣಾ ಆತೇನವ್ವಾ?"

"ನಾ ಬಡಸಾಕಿ ಅಲ್ಲೇನ್ರಿ, ಪಂಕ್ತಿ ಎದ್ದ ಮ್ಯಾಲೆ ಉಣ್ತೇನಿ. ಅಷ್ಟೊತ್ತಿಗೆ ಔಷಧ ತೀರಿರ್ತದ."

ಮಾವನಿಗೆ ಅದು ಕೇಳಿಸಲೇ ಇಲ್ಲ. "ಈ ಸಲ ದೊಡ್ಡ ಬಾಟ್ಲಿನ ಬರೀರಿ" ಎಂದ.

ಮಾವನ ಮನೆಯಲ್ಲಿ ಪಂಕ್ತಿಭೇದವೇ ಇಲ್ಲವೆಂದು ಊರೆಲ್ಲ ಹೊಗಳುತ್ತದೆ. ಹೊಗಳುವವರೆಲ್ಲ ಪಂಕ್ತಿಯಲ್ಲಿ ಕೂತು ಉಂಡವರೇ.