ಎರಡು ಕಾರ್ಬೊರೇಟರ್‌ಗಳ ಸದ್ದು

ಬೆಳಿಗ್ಗೆ ಉಪ್ಪಲ್ ಸಿಗ್ನಲ್‌ನಲ್ಲಿ ಹಳೆಯ ಬೈಕೊಂದು ನನ್ನ ಸ್ಕೂಟಿಯ ಪಕ್ಕಕ್ಕೆ ಬಂದು ನಿಂತಿತು. ಪೆಟ್ರೋಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಚಿಕ್ಕ ಹುಡುಗಿಯಾಗಿ ಬಾಲಾನಗರದ ನಮ್ಮ ಮನೆಯಂಗಳದಲ್ಲಿದ್ದೆ.

ಅಪ್ಪನ ಬೈಕಿಗೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಎರಡು. ಎರಡೂ ಸಮನಾಗಿ ಗಾಳಿ ಎಳೆಯದಿದ್ದರೆ ಗಾಡಿ ನಡುರಸ್ತೆಯಲ್ಲಿ ಜಗ್ಗಾಡುತ್ತಿತ್ತು. ಭಾನುವಾರ ಅವನ್ನು ಸರಿಹೊಂದಿಸುವಾಗ ರಬ್ಬರ್ ಪೈಪಿನ ಒಂದು ತುದಿ ನನ್ನ ಕಿವಿಗೆ, ಇನ್ನೊಂದು ತುದಿ ಒಮ್ಮೆ ಈ ಕಾರ್ಬೊರೇಟರಿನ ಬಾಯಿಗೆ, ಒಮ್ಮೆ ಆ ಕಾರ್ಬೊರೇಟರಿನ ಬಾಯಿಗೆ. ಯಾವುದರ ‘ಸುಸ್’ ಜೋರು ಎಂದು ನಾನು ಹೇಳಿದಂತೆ ಅಪ್ಪ ಸ್ಕ್ರೂ ತಿರುಗಿಸುತ್ತಿದ್ದರು.

“ನನ್ನ ಮಗಳ ಕಿವಿ ಭಾಳ ಚುರುಕ ಅದಾವ,” ಎನ್ನುತ್ತಿದ್ದರು. ನಾನು ಉಬ್ಬುತ್ತಿದ್ದೆ.

ಒಂದು ಭಾನುವಾರ ಪೆಟ್ರೋಲ್ ಪೈಪ್ ಸಡಿಲಾಗಿ, ಕಾದ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕತೊಡಗಿತು. “ಅಪ್ಪಾ, ಬಂದ್ ಮಾಡ್ರಿ!” ಎಂದು ಚೀರಿದೆ. ಗಾಡಿಯ ಆ ಬದಿಯಲ್ಲಿ ಬಗ್ಗಿದ್ದ ಅಪ್ಪ ಸ್ಕ್ರೂ ತಿರುಗಿಸುತ್ತಲೇ ಇದ್ದರು. ಮತ್ತೆ ಚೀರಿದೆ. ತಲೆ ಎತ್ತಲಿಲ್ಲ. ನಾನೇ ಕೀಲಿ ತಿರುಗಿಸಿ ಇಂಜಿನ್ ಬಂದ್ ಮಾಡಿದೆ.

“ಯಾಕ ಬಂದ್ ಮಾಡಿದೆವ್ವಾ?”

ತೋರಿಸಿದೆ. ಅಪ್ಪನ ಮುಖ ಬಿಳಿಚಿತು. “ಒಂದ ಮಾತ ಕರೀಬಾರದೇನು?”

“ಎರಡ ಸಲ ಒದರಿದ್ನಲ್ರಿ.”

ಅಪ್ಪ ಕೈ ಒರೆಸಿಕೊಂಡು ಸಡಿಲಾದ ಪೈಪನ್ನು ಬಿಗಿದರು. ಅವರು ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮಷೀನಿನ ಗದ್ದಲ ಅವರ ಕಿವಿಯಿಂದ ಸಣ್ಣ ಸದ್ದುಗಳನ್ನೆಲ್ಲ ತಿಂದುಹಾಕಿತ್ತು. ನನ್ನ ಕೀಚಲು ದನಿಯನ್ನೂ.

“ನನ್ನ ಕಿವಿ ಸುದ್ದಿ ಅವ್ವಗ ಹೇಳಬ್ಯಾಡ. ಗಾಡಿ ಮ್ಯಾಲೆ ಕೂಡಾಕ ಅಂಜ್ತಾಳ.”

ಹೇಳಲಿಲ್ಲ. ಅಂದಿನಿಂದ ಅವರಿಬ್ಬರೂ ಗಾಡಿಯಲ್ಲಿ ಹೊರಟರೆ, ಮರಳುವ ತನಕ ನಾನು ಗೇಟು ಹಿಡಿದು ನಿಂತಿರುತ್ತಿದ್ದೆ.

ಸಿಗ್ನಲ್ ಹಸಿರಾಗಿತ್ತು. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. ನನ್ನ ಸ್ಕೂಟಿ ಮಾತ್ರ ಕದಲಲಿಲ್ಲ. ನೋಡಿದರೆ, ನನಗೇ ತಿಳಿಯದಂತೆ ನನ್ನ ಕೈ ಕೀಲಿ ತಿರುಗಿಸಿ ಅದನ್ನು ಬಂದ್ ಮಾಡಿತ್ತು.