ಭಾವನ ಪಥ್ಯ

ನನ್ನ ಅಕ್ಕನ ಗಂಡ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಭಾವನನ್ನು ಬಹುವಚನದಲ್ಲಿ ಕರೆಯಬೇಕು. ಎದುರಿಗೆ ಹಾಗೇ ಕರೆಯುತ್ತೇನೆ. ಬರೆಯುವಾಗಲೂ ಅಷ್ಟು ಮರ್ಯಾದೆ ಕೊಡುವುದು ನನ್ನಿಂದಾಗದು.

ಗೇಟಿನ ಪಕ್ಕದ ಗಾಜಿನ ಗೂಡಿನಲ್ಲಿ ಕೂತು, ಬಸ್ಸು ಹೊರಟ ಹೊತ್ತು, ಬಂದ ಹೊತ್ತು ಬರೆಯುವುದು ಅವನ ಕೆಲಸ. ಮೂರು ನಿಮಿಷ ತಡವಾಗಿ ಬಂದ ಡ್ರೈವರನ್ನು ಕಿಟಕಿಯ ಮುಂದೆ ಹದಿನೈದು ನಿಮಿಷ ನಿಲ್ಲಿಸಿಕೊಂಡು ಸಮಯಪಾಲನೆಯ ಪಾಠ ಹೇಳುವ ಆಸಾಮಿ. ಡ್ರೈವರುಗಳು ಅವನಿಗೆ ‘ಮುಳ್ಳು’ ಎಂದು ಹೆಸರಿಟ್ಟಿದ್ದರು. ಗಡಿಯಾರದ ಮುಳ್ಳು ಎಂದುಕೊಂಡು ಅವನು ಹಿಗ್ಗುತ್ತಿದ್ದ. ಅವರು ಹೇಳಿದ್ದು ಕಾಲಿಗೆ ಚುಚ್ಚುವ ಮುಳ್ಳು.

ಬೇಸಿಗೆಯಲ್ಲಿ ಅವನ ರಕ್ತ ಪರೀಕ್ಷೆ ಆಯಿತು. ಸಕ್ಕರೆ ಮಿತಿ ಮೀರಿದೆ, ಹನ್ನೆರಡು ಕಿಲೋ ಇಳಿಸಲೇಬೇಕು ಎಂದರು ಡಾಕ್ಟರು. ಆ ಕೋಣೆಯಲ್ಲಿ ಅವನು ಅಕ್ಕನ ಕೈಚೀಲದ ಹಿಡಿಯನ್ನು ಮಗುವಿನ ಹಾಗೆ ಹಿಡಿದುಕೊಂಡಿದ್ದನಂತೆ. ಕೇಳಿ ನನಗೂ ಅಯ್ಯೋ ಅನ್ನಿಸಿದ್ದು ನಿಜ. ಆದರೆ ಆ ಭಯ ಎರಡು ದಿನವೂ ಬಾಳಲಿಲ್ಲ. ಮೂರನೆಯ ದಿನಕ್ಕೆ ಅದು ಜಂಬವಾಯಿತು.

ಅಡುಗೆಮನೆಗೆ ಅಂಗೈ ಅಗಲದ ಒಂದು ತೂಕದ ಯಂತ್ರ ತಂದ. ಮೊದಲು ತನ್ನ ತಟ್ಟೆ ತೂಗಿದ. ವಾರ ಕಳೆಯುವುದರೊಳಗೆ ಅಕ್ಕನ ತಟ್ಟೆ, ಆಮೇಲೆ ಮನೆಗೆ ಬಂದ ನೆಂಟರ ತಟ್ಟೆ. ಗಾಜಿನ ಗೂಡಿನ ಗೋಡೆಗೆ ತನ್ನ ತೂಕದ ಪಟ್ಟಿ ಅಂಟಿಸಿ, ರುಜು ಹಾಕಲು ಬಂದ ಡ್ರೈವರುಗಳಿಗೆ ಓದಿ ಹೇಳಿದ. ಆ ಪಟ್ಟಿಯಲ್ಲಿ ಮೂರು ತಿಂಗಳಲ್ಲಿ ಇಳಿದದ್ದು ಅರ್ಧ ಕಿಲೋ.

ಅಕ್ಕ ಬೇಕರಿಯಲ್ಲಿ ಕೇಕು ಮಾಡುವವಳು. ಇಪ್ಪತ್ತು ವರ್ಷದಿಂದ ಬೆಳಗಿನ ಪಾಳಿ. ಮನೆಯಲ್ಲಿ ಸಿಹಿಯ ವಾಸನೆ ಕೂಡ ಸುಳಿಯಬಾರದು ಎಂದು ಅವನು ಕಟ್ಟಪ್ಪಣೆ ಮಾಡಿದ. ಪಾಪ, ಅವಳು ಕೆಲಸದಿಂದ ಬಂದವಳೇ ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು, ಕೂದಲಿನ ವೆನಿಲಾ ವಾಸನೆ ಹೋಗಲಿ ಎಂದು.

ಮರಗಳ ಎಲೆ ಉದುರುವ ಹೊತ್ತಿಗೆ ನಾಲ್ಕು ದಿನ ರಜೆ ಬಂತು. ಆ ರಜೆಯಲ್ಲಿ ಪ್ರತಿವರ್ಷ ಎಲ್ಲರೂ ನಮ್ಮ ಮನೆಯಲ್ಲಿ ಸೇರುತ್ತೇವೆ. ಅಕ್ಕ ಬಂದವಳೇ ನನ್ನ ಒಲೆ ಹತ್ತಿಸಿದಳು. ಸೇಬು ಮತ್ತು ಚಕ್ಕೆಯ ಕೇಕು, ಕುಂಬಳಕಾಯಿಯ ಹೂರಣ ತುಂಬಿದ ಪೈ, ಸುಟ್ಟ ಸಕ್ಕರೆಯ ಪಾಕ ಸುರಿದ ಆಕ್ರೋಟಿನ ಕೇಕು. ಬೇಸಿಗೆಯಿಂದ ಈಚೆಗೆ ಮನೆಮಂದಿಗೆ ಎಂದು ಅವಳು ಕೈಯಾರೆ ಮಾಡಿದ್ದು ಅದೇ ಮೊದಲು. ಹಿಟ್ಟು ಕಲಸುತ್ತ ಏನೋ ಗುನುಗುತ್ತಿದ್ದಳು.

ಭಾವ ಬಾಗಿಲಲ್ಲಿ ನಿಂತು ಭಾಷಣ ಮಾಡಿದ. “ನಾನಂತೂ ಮುಟ್ಟಲ್ಲ. ನಾಲಿಗೆ ನಮ್ಮ ಆಳು, ಯಜಮಾನ ಅಲ್ಲ. ಅದು ನಿಮಗೆಲ್ಲ ಅರ್ಥ ಆಗಲ್ಲ ಬಿಡಿ.”

ಅಂದು ಸಂಜೆ ಅಡುಗೆಮನೆಯಲ್ಲಿ ಅವನ ಪಥ್ಯದ ಒಳಗುಟ್ಟನ್ನು ನಾನು ಕಣ್ಣಾರೆ ಕಂಡೆ. ನಿಂತುಕೊಂಡು ತಿಂದದ್ದು ಲೆಕ್ಕಕ್ಕಿಲ್ಲ. ಮುರಿದ ತುಣುಕು ಲೆಕ್ಕಕ್ಕಿಲ್ಲ. ಚಾಕುವಿಗೆ ಅಂಟಿದ್ದಂತೂ ಇಲ್ಲವೇ ಇಲ್ಲ. ಆಕ್ರೋಟಿನ ಕೇಕಿನ ಅಂಚು ಸೊಟ್ಟಗಿದೆ ಎಂದು ಒಂದು ಸೀಳು ಕೊಯ್ದು ಬಾಯಿಗೆ ಹಾಕಿಕೊಂಡ. ಆಗ ಆಚೆ ಬದಿ ಸೊಟ್ಟಗೆ ಕಂಡಿತು. ಅದನ್ನು ನೇರ ಮಾಡಿದ. ಮತ್ತೆ ಈಚೆ ಬದಿ.

“ಏನ್ ಮಾಡ್ತಿದ್ದೀರಿ ಭಾವ?” ಎಂದೆ.

“ಏನಿಲ್ಲ. ಉಪ್ಪು ಸರಿಯಾಗಿದ್ಯಾ ನೋಡ್ದೆ.”

ಕೇಕಿಗೆ ಉಪ್ಪು ನೋಡಿದ ಪುಣ್ಯಾತ್ಮ. ನಾನು ಹೋಗಿ ಬಂದು ಮಾಡಿದಾಗಲೆಲ್ಲ ಅವನು ಅಲ್ಲೇ ಇದ್ದ. ಕೊನೆಗೆ ತಟ್ಟೆಯ ಮೇಲೆ ಉಳಿದದ್ದು ಅಳತೆಪಟ್ಟಿ ಹಿಡಿದು ಕೊರೆದಂಥ, ಅಚ್ಚುಕಟ್ಟಾದ ಅರ್ಧ ಕೇಕು.

ಊಟ ಮುಗಿಸಿ ಎಲ್ಲರೂ ಸಿಹಿಗೆ ಕೂತೆವು. ಅವನು ಬಿಸಿನೀರಿನ ಲೋಟ ಹಿಡಿದು ತಪಸ್ವಿಯ ಮುಖ ಮಾಡಿಕೊಂಡಿದ್ದ. ನನ್ನ ಮಗಳಿಗೆ ಹದಿಮೂರು, ಸ್ವಲ್ಪ ದುಂಡಗಿದ್ದಾಳೆ. ಸೇಬಿನ ಕೇಕಿನ ಎರಡನೆಯ ತುಂಡಿಗೆ ಕೈ ಚಾಚಿದಳು.

“ನಿನಗೆ ಅಷ್ಟು ಬೇಕಾ ಮರಿ?” ಎಂದ ಭಾವ. “ಆ ತಟ್ಟೆ ಇತ್ತ ಕೊಡು, ತೂಗೋಣ. ಈಗಲೇ ಹೀಗಾದ್ರೆ ಮುಂದೆ ಬಾಗಿಲಲ್ಲಿ ಹಿಡಿಸಲ್ಲ ನೀನು.”

ಆ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದ ಮಹಾರಾಯ. ಮೇಜಿನ ಮೇಲೆ ಇಟ್ಟೂ ಬಿಟ್ಟ. ಮಗಳ ಕೈ ಹಿಂದೆ ಸರಿಯಿತು. ತಟ್ಟೆಯನ್ನು ಮೆಲ್ಲಗೆ ದೂರ ತಳ್ಳಿ ತಲೆ ತಗ್ಗಿಸಿದಳು. ನನ್ನ ಮೈ ಉರಿದುಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದಳು.

ಒಳಗೆ ಹೋಗಿ ಆಕ್ರೋಟಿನ ಕೇಕು ತಂದು ಯಂತ್ರದ ಮೇಲೆ ಇಟ್ಟಳು. “ಒಲೆಯಿಂದ ತೆಗೆದಾಗ ಒಂದೂವರೆ ಕಿಲೋ ಇತ್ತು. ತೂಗಿಯೇ ಇಟ್ಟಿದ್ದೆ, ಅದು ನನ್ನ ಕೈಗೆ ಬಂದ ಅಭ್ಯಾಸ. ಈಗ ಏಳುನೂರೈವತ್ತು ಗ್ರಾಂ. ಯಾರಿಗೂ ಇನ್ನೂ ಬಡಿಸಿಲ್ಲ. ಉಳಿದದ್ದು ಎಲ್ಲಿ ಹೋಯ್ತು?”

“ಆರಿದ ಮೇಲೆ ತೂಕ ಇಳಿಯುತ್ತೆ,” ಎಂದ ಭಾವ.

“ಇಳಿಯುತ್ತೆ, ಎರಡು ಚಮಚದಷ್ಟು. ಅರ್ಧಕ್ಕರ್ಧ ಇಳಿದದ್ದು ನಾನು ನೋಡಿಲ್ಲ.”

ಅವನು ಲೋಟದ ಬಿಸಿನೀರನ್ನು ಒಂದೇ ಗುಟುಕಿಗೆ ಕುಡಿದ.

“ತಿನ್ನೋ ಆಸೆ ಇದ್ರೆ ಒಂದು ತುಂಡು ಕೇಳಿ, ಕೊಡ್ತೀನಿ,” ಎಂದಳು ಅಕ್ಕ, ತಣ್ಣನೆಯ ದನಿಯಲ್ಲಿ. “ಕೂತ್ಕೊಂಡು, ಚೆನ್ನಾಗಿದೆ ಅಂತ ಹೇಳ್ಕೊಂಡು ತಿನ್ನಿ. ನಾನು ಮಾಡಿದ್ದನ್ನ ಕದ್ದು ತಿಂದು, ಆಮೇಲೆ ಮಕ್ಕಳ ತಟ್ಟೆಗೆ ಕೈ ಹಾಕಬೇಡಿ.”

ನನ್ನ ಮಗಳಿಗೆ ಒಂದು ದಪ್ಪ ತುಂಡು ಬಡಿಸಿದಳು. ತಾನೂ ಒಂದು ಹಾಕಿಕೊಂಡು ಕೂತಳು. ಪಾಕ ಅಂಟಿದ ಆಕ್ರೋಟನ್ನು ಮೊದಲು ಆರಿಸಿ ತಿಂದು, ಆಮೇಲೆ ಕೇಕು ತಿಂದಳು, ನಿಧಾನವಾಗಿ, ಕಣ್ಣು ಅರೆಮುಚ್ಚಿ. ಮಗಳು ಅವಳನ್ನು ನೋಡಿ ಹಾಗೇ ತಿಂದಳು.

“ನನ್ನ ಆರೋಗ್ಯದ ಬಗ್ಗೆ ಈ ಮನೇಲಿ ಯಾರಿಗೂ ಕಾಳಜಿ ಇಲ್ಲ,” ಎಂದು ಭಾವ ಎದ್ದು ಬೀದಿಗೆ ಹೋದ. ಒಣ ಎಲೆಗಳ ಮೇಲೆ ಅವನು ಅತ್ತಿತ್ತ ನಡೆದಾಡುವ ಸದ್ದು ಕೇಳುತ್ತಲೇ ಇತ್ತು. ಯಾರೂ ಕರೆಯಲು ಹೋಗಲಿಲ್ಲ.

ಚಳಿಗಾಲದ ಪರೀಕ್ಷೆಯಲ್ಲಿ ಸಕ್ಕರೆ ಇನ್ನೂ ಏರಿತ್ತು. “ಹೆಂಡತಿ ಬೇಕರಿಯವಳು ಡಾಕ್ಟ್ರೇ, ನಾನಾದ್ರೂ ಏನ್ ಮಾಡ್ಲಿ,” ಎಂದನಂತೆ. ಪಕ್ಕದಲ್ಲೇ ಕೂತಿದ್ದ ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಡಿಪೋದ ಕ್ಯಾಂಟೀನು, ಮೇಜಿನ ಡ್ರಾಯರಿನ ಬಿಸ್ಕತ್ತು, ನಿಂತು ತಿನ್ನುವುದು, ಎಲ್ಲವನ್ನೂ. ಹಬ್ಬಕ್ಕೋ ರಜೆಗೋ ಒಂದು ತುಂಡು ತಿಂದವರಿಗೆ ಹೀಗಾಗುವುದಿಲ್ಲ ಎಂದು ಡಾಕ್ಟರು ಮಾತ್ರೆ ಬರೆದರು.

ಅಲ್ಲಿಂದ ಈಚೆಗೆ ಅವನು ಅಕ್ಕ ಬಡಿಸಿದಷ್ಟನ್ನೇ, ಬಡಿಸಿದ ಹೊತ್ತಿಗೇ ತಿನ್ನುತ್ತಾನೆ. ನಾಲ್ಕು ಕಿಲೋ ಇಳಿದಿದ್ದಾನೆ. ಮೊನ್ನೆ ಒಂದು ಮದುವೆಯಲ್ಲಿ ಹತ್ತು ಜನರನ್ನು ಸುತ್ತ ಕೂರಿಸಿಕೊಂಡು, ಮನೋಬಲ ಒಂದಿದ್ದರೆ ಸಾಕು, ನಾನು ಯಾರ ಸಹಾಯವೂ ಇಲ್ಲದೆ ಸಾಧಿಸಿದೆ ಎನ್ನುತ್ತಿದ್ದ. ಅಕ್ಕ ಎರಡು ಕುರ್ಚಿ ಆಚೆ ಕೂತು ಕೇಳಿಸಿಕೊಂಡಳು.

“ಸುಮ್ಮನಿದ್ದೀಯಲ್ಲ,” ಎಂದೆ.

“ತೂಕ ಇಳಿದಿದೆಯಲ್ಲ, ಬಿಡು,” ಎಂದಳು.

ಅವಳು ಬಿಟ್ಟಾಳು. ನನಗೆ ಬಿಡಲಾಗುವುದಿಲ್ಲ, ಅದಕ್ಕೇ ಇದನ್ನು ಬರೆದೆ.