ಗಾಡಿಯ ಹಿಂದೆ ಮಡಗಿದ ಸೊಪ್ಪು

ನನ್ನ ಗಂಡ ಬದುಕಿದ್ದಾರೆಂದು ನನಗೆ ಗೊತ್ತಿತ್ತು. ಎಷ್ಟೋ ವರ್ಷಗಳಿಂದ ಗೊತ್ತಿತ್ತು. ಅವರ ತಾಯಿಗೆ ಹೇಳಲಿಲ್ಲ — ಒಂದೇ ಸೂರಿನ ಕೆಳಗಿದ್ದುಕೊಂಡು, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುತ್ತ, ಹೇಳಲಿಲ್ಲ. ಗಂಡನೇ ಒಮ್ಮೆ ಫೋನ್ ಮಾಡಿದ್ದರು. ನಾನು ‘ರಾಂಗ್ ನಂಬರ್’ ಎಂದು ಇಟ್ಟುಬಿಟ್ಟೆ.

ಇಷ್ಟೇ. ನಾಲ್ಕು ಮಾತಿನಲ್ಲಿ ಮುಗಿದುಹೋಗುತ್ತದೆ. ಇದನ್ನು ಬಾಯಿ ಬಿಟ್ಟು ಹೇಳುವುದಕ್ಕೆ ಮಾತ್ರ — ಇರಲಿ, ಮೊದಲಿನಿಂದ ಹೇಳುತ್ತೇನೆ. ಈ ಮಂಜುಳಾಳ ನಾಲಗೆ ಉದ್ದ ಎಂದು ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬೇಡದ ಕಡೆ ಹೊರಳಿದ ಆ ನಾಲಗೆ ಬೇಕಾದ ಕಡೆ ಹೊರಳಲಿಲ್ಲ, ನೋಡಿ.

ಗುಂಡ್ಲುಪೇಟೆಯಲ್ಲಿ ನಮ್ಮದು ಮಾರ್ಕೆಟ್ಟಿನ ಹಿಂದಿನ ಬೀದಿ. ಬೆಳಗಾಯಿತೆಂದರೆ ಈರುಳ್ಳಿ ಮೂಟೆ, ಕೇರಳದ ಲಾರಿ, ಹಾರನ್ನು. ನಮ್ಮನೆಯವರು — ಹೆಸರು ಮಾದೇವ, ಬರೆಯುವಾಗಲೂ ಹೆಸರು ಹಿಡಿಯಲು ಸಂಕೋಚ — ಸತ್ತಾರಣ್ಣನ ಬಾಡಿಗೆ ಕಾರು ಓಡಿಸುತ್ತಿದ್ದರು. ಸತ್ತಾರಣ್ಣನದು ಗ್ಯಾರೇಜು, ಕಾರು ಅವನದು, ಸ್ಟೇರಿಂಗು ಇವರದು. ಊಟಿ, ವಯನಾಡು, ಮೈಸೂರು, ಎಲ್ಲಿದ್ದರೂ ಮಧ್ಯಾಹ್ನ ನನಗೊಂದು ಫೋನು ಬರಲೇಬೇಕು. “ಮಂಜಿ, ಅವ್ವ ಉಂಡ್ಲಾ?” ಅತ್ತೆಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ತಲೆ ಸುತ್ತಿ ಬೀಳುತ್ತಿದ್ದರು. “ಯಾಕೆ, ಎಂಡ್ತಿ ಉಂಡ್ರೆಷ್ಟು ಬುಟ್ರೆಷ್ಟು ಅಂತವಾ?” ಎಂದು ನಾನು ಕೆಣಕುವೆ. “ನಿಂಗೇನ್ ಬುಡು, ಗುಂಡ್ಕಲ್ ಇದ್ದಂಗಿದ್ದೀಯ” ಎಂದು ನಗುವರು. ಆ ನಗು — ಈಗಲೂ ಮಧ್ಯಾಹ್ನವಾದರೆ ಕಿವಿ ತಾನಾಗಿ ಫೋನಿನ ಕಡೆ ಹೋಗುತ್ತದೆ.

ಮದುವೆಯಾಗಿ ಎಷ್ಟೋ ಕಾಲಕ್ಕೆ ನಾನು ಬಸುರಾದೆ. ದಿನ ತುಂಬುವ ಮುಂಚೆಯೇ ನೋವು ಬಂತು. ಅವತ್ತು ಅವರು ಊಟಿಗೆ ಬಾಡಿಗೆ ಹೋಗಿದ್ದರು. ಊಟಿ ರಸ್ತೆಗೆ ಫಾರೆಸ್ಟಿನವರು ಹಾಕುವ ನಮ್ಮ ಕಾಡಿನ ಗೇಟು ರಾತ್ರಿ ಹಾಕಿದರೆ ಬೆಳಗಾಗುವವರೆಗೆ ತೆಗೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಇವರು ಬರುವಷ್ಟರಲ್ಲಿ ಗೇಟು ಬಿದ್ದಿತ್ತು. ಆ ಕಡೆ ಸಿಗ್ನಲ್ಲೂ ಇಲ್ಲ. ನಾನು ಇಲ್ಲಿಂದ ಫೋನು ಮಾಡಿದ್ದೇ ಮಾಡಿದ್ದು. ಕೊನೆಗೆ ಅತ್ತೆ ಯಾರದೋ ಆಟೋ ಹಿಡಿದು ನನ್ನನ್ನು ಚಾಮರಾಜನಗರಕ್ಕೆ ಕರೆದೊಯ್ದರು. ಮಗು ಹುಟ್ಟಿತು. ಅಳಲಿಲ್ಲ.

ಇದರಲ್ಲಿ ಅವರ ತಪ್ಪೇನು? ಏನೂ ಇಲ್ಲ. ಅದು ಆಗಲೂ ಗೊತ್ತಿತ್ತು ನನಗೆ. ಗೊತ್ತಿದ್ದೂ ದಿನಾ ಚುಚ್ಚಿದೆ. ತಟ್ಟೆ ಇಡುವಾಗ ಒಂದು ಮಾತು, ತೆಗೆಯುವಾಗ ಒಂದು ಮಾತು. ಅವರು ಎದುರಾಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೋ ಏನೋ. ಆ ಮನುಷ್ಯ ಬಾಯಿಯನ್ನೇ ತೆರೆಯಲಿಲ್ಲ. ಕೊನೆಯ ದಿನ ಬೆಳಗ್ಗೆ ಪಕ್ಕದ ಮನೆಯವರ ಸೊಸೆಗೆ ಹೆರಿಗೆ ನೋವು ಎಂದು ಬಂದು ಕರೆದರು. ಇವರು ಕೀ ಹಿಡಿದು ಓಡಿದರು, ಆಸ್ಪತ್ರೆಗೆ ಬಿಟ್ಟು ಬಂದರು, ಅವರಿಗೆ ಗಂಡುಮಗುವಾಯಿತು. ಕಾಫಿ ಕೊಡುವಾಗ ನಾನು ಅಂದೆ: “ಊರೋರ್ ಎಂಡ್ತೀರ್ಗೆಲ್ಲ ಸಿಕ್ತದೆ ನಿನ್ ಗಾಡಿ. ನಾನ್ ಕರ್ದಾಗ ಎಲ್ಲಿತ್ತು?”

ಅವರು ಕಾಫಿ ಕುಡಿದು ಲೋಟ ತೊಳೆದಿಟ್ಟರು. ಕಾರಿನ ಗಾಜು ಒರೆಸಿ ಹೊರಟರು.

ಕಾರು ಸಿಕ್ಕಿದ್ದು ಮರುದಿನ. ಹಂಗಳದಿಂದ ಆಚೆ, ಚೆಂಡು ಹೂವಿನ ಹೊಲಗಳೆಲ್ಲ ಮುಗಿದು ಕಾಡು ಶುರುವಾಗುವಲ್ಲಿ ಒಂದು ಅಡ್ಡರಸ್ತೆ ಇದೆ. ದನ ಮೇಯಿಸುವವರು ಬಿಟ್ಟರೆ ಅಲ್ಲಿ ಯಾರಿಗೂ ಕೆಲಸವಿಲ್ಲ. ದನದವರೊಬ್ಬರು ನೋಡಿ ಹೇಳಿ ಕಳಿಸಿದರು. ಬಾಗಿಲು ಹಾಕಿತ್ತು, ಕೀ ಒಳಗೇ ಇತ್ತು, ಅವರ ಟವೆಲ್ಲು ಸೀಟಿನ ಮೇಲೆ ಮಡಚಿಟ್ಟಿತ್ತು. ಕಾರಿನ ಹಿಂದೆ ರಸ್ತೆಗೆ ಅಡ್ಡವಾಗಿ ಕಲ್ಲುಗಳನ್ನು ಜೋಡಿಸಿ, ಒಂದು ದೊಡ್ಡ ಹೊಂಗೆ ರೆಂಬೆ ಮುರಿದು ಮಡಗಿದ್ದರು. ಗಾಡಿ ಕೆಟ್ಟು ನಿಂತರೆ ಡ್ರೈವರುಗಳು ಹಾಗೆ ಮಾಡುತ್ತಾರೆ — ಹಿಂದಿನಿಂದ ಬರುವವನು ದೂರದಿಂದಲೇ ಹಸಿರು ಕಂಡು ನಿಧಾನ ಮಾಡಲಿ ಎಂದು. ಆದರೆ ಸತ್ತಾರಣ್ಣ ಹೋಗಿ ಕೀ ತಿರುಗಿಸಿದರೆ ಕಾರು ತಕ್ಷಣ ಸ್ಟಾರ್ಟ್ ಆಯಿತು.

“ಗಾಡೀಗೇನೂ ಆಗಿಲ್ಲಮ್ಮ,” ಎಂದ ಆತ, ಅತ್ತೆಯ ಮುಖ ನೋಡಲಾರದೆ. “ಒಂದೇ ಸೆಲ್ಫ್‌ಗೆ ಸ್ಟಾರ್ಟ್ ತಗೊಂತು. ಯಾಕೆ ನಿಲ್ಲಿಸ್ದ, ಅಲ್ಲಾಗೇ ಗೊತ್ತು.”

ಹುಡುಕಿದರು. ಪೊಲೀಸರು, ಫಾರೆಸ್ಟಿನವರು, ಸ್ಟ್ಯಾಂಡಿನ ಡ್ರೈವರುಗಳು. ಅಲ್ಲೆಲ್ಲ ಆನೆ ಓಡಾಡಿದ ಗುರುತಿತ್ತು, ಆನೆಯೇ ಎಂದರು. ಮನೆಯಲ್ಲಿ ಏನಾದರೂ ಮಾತುಕತೆ ಆಗಿತ್ತೇನಮ್ಮ ಎಂದು ಕೇಳಿದರು. ಇಲ್ಲ ಸಾರ್, ಕಾಫಿ ಕುಡಿದು ಹೋದರು ಎಂದೆ.

ಅತ್ತೆ ಮಾತ್ರ ಆನೆಯ ಮಾತನ್ನು ಒಪ್ಪಲಿಲ್ಲ. “ಆನೆ ಬಂದ್ರೆ ಯಾವನಾದ್ರೂ ಕಲ್ ಜೋಡುಸ್ಕಂಡು ಕೂತಿರ್ತಾನಾ? ಇನ್ನೊಬ್ರು ಬಂದು ಗಾಡೀಗ್ ಗುದ್ದ್‌ಬಾರ್ದು ಅಂತ ಸೊಪ್ಪು ಮಡಗವ್ನೆ ನನ್ ಮಗ. ಮಡಗ್ದೋನೇ ಬಂದು ತಗೀಬೇಕು. ಅದೇ ಅಲ್ವಾ ಡ್ರೈವರ್‌ಗಳ ನೇಮ? ಬತ್ತಾನೆ.” ಕಾರನ್ನು ತಂದರೂ ಕಲ್ಲುಗಳನ್ನು ತೆಗೆಯಲು ಬಿಡಲಿಲ್ಲ, ಪಕ್ಕಕ್ಕೆ ಸರಿಸಿ, ರೆಂಬೆಯನ್ನು ಅದರ ಮೇಲೆ ಇಡಿಸಿದರು. ನನ್ನ ಬಳೆ ಕುಂಕುಮದ ವಿಚಾರ ತೆಗೆದ ನೆಂಟರಿಗೆ, “ನನ್ ಸೊಸೆ ಅಣೆ ಮುಟ್ಟಿದ್ರೆ ಕೈ ಮುರುದ್‌ಬುಡ್ತೀನಿ” ಎಂದು ಕೋಲು ಎತ್ತಿಕೊಂಡರು. ಈಗಲೂ ನನ್ನ ಹಣೆಯಲ್ಲಿ ಕುಂಕುಮವಿದ್ದರೆ ಅದು ಅವರು ಇರಿಸಿದ್ದು.

ಅಲ್ಲಿಂದ ಪ್ರತಿ ಅಮಾವಾಸ್ಯೆಗೆ ಆ ರಸ್ತೆಗೆ ಹೋಗುವುದು ನಮ್ಮ ಮನೆಯ ವ್ರತವಾಯಿತು. ಒಣಗಿದ ರೆಂಬೆ ತೆಗೆದು ಹೊಸದು ಮಡಗಬೇಕು. ಅತ್ತೆಗೆ ಮರ ಎಟುಕುವುದಿಲ್ಲ, ಮುರಿದುಕೊಡುವವಳು ನಾನು. ಮಿಕ್ಕ ದಿನ ಅವರು ಮನೆ ಬಿಟ್ಟು ಕದಲರು. ನನಗೆ ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಚಾಮರಾಜನಗರದಲ್ಲಿ ಮನೆ ಮಾಡೋಣ, ಹತ್ತಿರವಾಗುತ್ತದೆ ಎಂದರೆ, “ಅವ್ನು ಬಂದ್ರೆ ಬೀಗ ನೋಡ್ಕಂಡು ಓಗ್ಬೇಕಾ?” ಎಂದರು. ಹಾಗಾಗಿ ದಿನವೂ ಬಸ್ಸಿನಲ್ಲಿ ಅಲ್ಲಿಗೂ ಇಲ್ಲಿಗೂ ಓಡಾಡಿದೆ. ನಿಂತುಕೊಂಡೇ ನಿದ್ದೆ ಮಾಡುವುದನ್ನು ಕಲಿತೆ.

ಆ ಫೋನು ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ನಾನೂ ಅತ್ತೆಯೂ ಉಣ್ಣುತ್ತಿದ್ದೆವು. ಮುದ್ದೆ, ಹುರುಳಿಕಾಳಿನ ಸಾರು. ನಂಬರು ಹೊಸದು. ಎಡಗೈಯಲ್ಲಿ ಎತ್ತಿ ಹಲೋ ಎಂದೆ. ಆ ಕಡೆ ಗದ್ದಲ, ಯಾರೋ ಮಲಯಾಳದವರು ‘ಮೈಸೂರ್, ಮೈಸೂರ್’ ಎಂದು ಬಸ್ಸಿಗೆ ಜನ ಕರೆಯುತ್ತಿದ್ದರು. ಆಮೇಲೆ —

“ಮಂಜಿ, ಅವ್ವ ಉಂಡ್ಲಾ?”

ದೇವರಾಣೆ, ಆ ಕ್ಷಣ ನನಗೆ ಆದದ್ದು ಸಂತೋಷ. ಅದರ ಬೆನ್ನಿಗೇ ಇನ್ನೊಂದು ಎದ್ದು ಬಂತು. ಇಷ್ಟು ವರ್ಷಕ್ಕೆ ಬಂದ ಮೊದಲ ಮಾತಿನಲ್ಲಿ ನಾನಿಲ್ಲ. ನೀನು ಹೇಗಿದ್ದೀಯ ಎನ್ನಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ಊರಿನವರ ಕಣ್ಣಲ್ಲಿ ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ ಎನ್ನಿಸಿಕೊಂಡು ಬಸ್ಸಿನಲ್ಲಿ ನೇತಾಡುತ್ತಿದ್ದವಳು ನಾನು. ಇವರು ನಿನ್ನೆ ತಾನೆ ಬಾಡಿಗೆಗೆ ಹೋದವರಂತೆ ಕೇಳುತ್ತಿದ್ದಾರೆ — ಅವ್ವ ಉಂಡ್ಲಾ!

“ರಾಂಗ್ ನಂಬರ್” ಎಂದೆ.

ಆ ಕಡೆಯವರು ತಕ್ಷಣ ಇಡಲಿಲ್ಲ. ಕಾಯುತ್ತಿದ್ದರು. ನಾನು ಇಟ್ಟೆ.

“ಯಾರವ್ವ?” ಎಂದರು ಅತ್ತೆ, ಮುದ್ದೆ ಮುರಿಯುತ್ತ.

“ಯಾರೋ. ರಾಂಗ್ ನಂಬರ್.”

“ಪಾಪ, ಯಾರ್ನ ಉಡುಕ್ತಿದ್ನೋ ಏನೋ,” ಎಂದರು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರಲ್ಲ. ಪಾತ್ರೆ ತೊಳೆಯುವ ಹೊತ್ತಿಗೇ ಶಾಂತವಾಗಿತ್ತು ನನಗೆ. ಹಿತ್ತಲಿಗೆ ಹೋಗಿ ಆ ನಂಬರಿಗೆ ಮಾಡಿದೆ. ಅದೊಂದು ಹೋಟೆಲ್ಲಿನವನ ಫೋನು. ಯಾರೋ ಕೇಳಿ ಇಸಕೊಂಡರು, ಮಾತಾಡಿ ಕೊಟ್ಟು ಹೋದರು ಎಂದು ಅರ್ಧ ಮಲಯಾಳದಲ್ಲಿ ಅರ್ಧ ಕನ್ನಡದಲ್ಲಿ ಹೇಳಿದ. ಯಾವ ಊರು ಎಂದೆ. ವಯನಾಡಿನ ಬತ್ತೇರಿ ಎಂದ. ನಮ್ಮ ಈರುಳ್ಳಿ ಲಾರಿಗಳು ದಿನವೂ ಹೋಗಿ ಬರುವ ಊರು! ಕಾಡು ದಾಟಿದರೆ ಆಯಿತು. ಅವತ್ತೇ ಬಸ್ಸು ಹತ್ತಬಹುದಿತ್ತು.

ಹತ್ತಲಿಲ್ಲ. ಮತ್ತೆ ಮಾಡೇ ಮಾಡುತ್ತಾರೆ, ಆಗ ಬಾ ಎಂದುಬಿಡುತ್ತೇನೆ, ಅತ್ತೆಗೆ ಒಮ್ಮೆಲೇ ಆಶ್ಚರ್ಯವಾಗುವಂತೆ ಮಾಡುತ್ತೇನೆ ಎಂದುಕೊಂಡೆ. ಫ್ಯಾಕ್ಟರಿಯಲ್ಲಿ ಫೋನು ಒಳಗೆ ಬಿಡುವುದಿಲ್ಲ; ಊಟದ ಬಿಡುವಿನಲ್ಲಿ ಓಡಿ ಬಂದು ನೋಡುತ್ತಿದ್ದೆ. ಫೋನು ಹಾಳಾಗಿ ಬೇರೆ ತಗೊಂಡರೂ ನಂಬರು ಬದಲಾಯಿಸಲಿಲ್ಲ. ತಿಂಗಳು ಕಳೆದವು, ವರ್ಷ ಕಳೆದವು. ಅವರು ಮಾಡಲಿಲ್ಲ. ಅವರ ಸ್ವಭಾವ ನನಗೆ ಗೊತ್ತಿರಬೇಕಿತ್ತು. ಒಮ್ಮೆ ಬೇಡವೆಂದರೆ ಎರಡನೆಯ ಸಲ ಬಡಿಸಿಕೊಳ್ಳದ ಮನುಷ್ಯ.

ಇನ್ನು ಹೇಗೆ ಹೇಳಲಿ? ಒಂದು ದಿನ ಮುಚ್ಚಿಟ್ಟಿದ್ದನ್ನು ಮರುದಿನ ಹೇಳಬಹುದು. ವರ್ಷ ಮುಚ್ಚಿಟ್ಟಿದ್ದನ್ನು — ಹೇಳಿದರೆ ಅತ್ತೆ ನನ್ನನ್ನು ಮತ್ತೆ ಮಗಳೇ ಎಂದಾರೆಯೇ? ನನಗಿದ್ದ ಒಂದು ಜೀವ ಅದು. ಆ ಭಯಕ್ಕೆ ಸುಮ್ಮನಿದ್ದೆ. ಸುಮ್ಮನೆ ಇದ್ದರೂ ಆಗುತ್ತಿತ್ತು, ಆದರೆ ಫೋನು ಬಂದ ಮೇಲೂ ಪ್ರತಿ ಅಮಾವಾಸ್ಯೆ ಅವರ ಜೊತೆ ಆ ರಸ್ತೆಗೆ ಹೋದೆ. ರಸ್ತೆಯಲ್ಲಿ ಯಾರೂ ಬರುವುದಿಲ್ಲವೆಂದು ಗೊತ್ತಿದ್ದೂ ಎಲೆ ತುಂಬಿದ ರೆಂಬೆಯನ್ನೇ ಆರಿಸಿ ಮುರಿದುಕೊಟ್ಟೆ. ಅವರು ಅದಕ್ಕೆ ಕೈ ಮುಗಿಯುವಾಗ ಪಕ್ಕದಲ್ಲಿ ನಿಂತು ನಾನೂ ಮುಗಿದೆ. ಫೋನಿಗಿಂತ ದೊಡ್ಡ ತಪ್ಪು ಅದೇ.

ಹೋದ ಅಮಾವಾಸ್ಯೆ ಅತ್ತೆಗೆ ಬಗ್ಗಲಾಗಲಿಲ್ಲ. ಮಂಡಿ ಹಿಡಿದುಕೊಂಡು ನಿಂತರು. “ನೀನೇ ಮಡಗು ಕಣಮ್ಮಿ,” ಎಂದರು. “ಇನ್ಮೇಕೆ ನೀನೇ ಮಡಗ್ಬೇಕು. ನಾನ್ ಸತ್ ಮ್ಯಾಲೂವೆ ನಿಲ್ಸ್‌ಬ್ಯಾಡ. ಅವ್ನ್ ಬಂದ್ ನೋಡ್ದಾಗ ಒಣಗಿರ್ಬಾರ್ದು.”

ರೆಂಬೆ ಕೈಯಲ್ಲಿತ್ತು. ಕೈ ಕೆಳಗೆ ಹೋಗಲಿಲ್ಲ. ಅಲ್ಲೇ, ನಮ್ಮನ್ನು ಕರೆತಂದ ಆಟೋದವನಿಗೂ ಕೇಳಿಸುವಂತೆ, ಎಲ್ಲ ಹೇಳಿಬಿಟ್ಟೆ. ಕಾಫಿ ಕೊಟ್ಟಾಗ ಆಡಿದ ಮಾತು, ಮುದ್ದೆ ಉಣ್ಣುವಾಗ ಬಂದ ಫೋನು, ಬತ್ತೇರಿ, ರಾಂಗ್ ನಂಬರ್. ಅತ್ತೆ ಬೈಯಲಿಲ್ಲ, ಅಳಲಿಲ್ಲ. ಕೇಳಿದ್ದು ಇಷ್ಟೇ.

“ಏನಂದ ಅವ್ನು? ಅವ್ನ್ ಅಂದಂಗೇ ಯೋಳು.”

“ಅವ್ವ ಉಂಡ್ಲಾ ಅಂದ್ರು.”



“ಉಂಡ್ಲು ಅಂತ ಒಂದ್ ಮಾತ್ ಯೋಳಕಾಯ್ತಿರ್ನಿಲ್ವಾ, ಮಂಜಿ? ನಾನು ಉಣ್ತಾನೇ ಇದ್ನಲ್ಲ.”

ರೆಂಬೆಯನ್ನು ಪಕ್ಕಕ್ಕೆ ಇಟ್ಟೆ.

“ಕಲ್ ತಗಿ,” ಎಂದರು ಆಮೇಲೆ. “ಇಷ್ಟ್ ದಿನ ಗೊತ್ತಿದ್ದೂ ಮಡಗ್ಸ್ದೋಳು ನೀನು. ನೀನೇ ತಗಿ.” ಒಂದೊಂದನ್ನೇ ಎತ್ತಿ ಲಂಟಾನದ ಪೊದೆಗೆ ಹಾಕಿದೆ. ಕಲ್ಲುಗಳ ಕೆಳಗೆ ಹುಲ್ಲು ಬೆಳ್ಳಗಾಗಿತ್ತು. ಅವರು ನಿಂತು ನೋಡುತ್ತಿದ್ದರು.

ಅಂದಿನಿಂದ ಅವರು ನನ್ನ ಜೊತೆ ಮಾತಾಡುತ್ತಿಲ್ಲ. ಮಾಡಿಟ್ಟದ್ದನ್ನು ಉಣ್ಣುತ್ತಾರೆ, ತಟ್ಟೆ ತಾವೇ ತೊಳೆಯುತ್ತಾರೆ. ನಿನ್ನೆ ಸಂಜೆ ಮಾತ್ರ, ಗೋಡೆಯ ಕಡೆ ಮುಖ ಮಾಡಿಕೊಂಡು, “ಬತ್ತೇರಿಗೆ ಬೆಳುಗ್ಗೆ ಬಸ್ ಎಷ್ಟೊತ್ಗೆ?” ಎಂದರು. ಹೇಳಿದೆ. ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡರು. ಅಮಾವಾಸ್ಯೆಗೆ ಹೋಗುವಾಗಲೂ ಬಾಗಿಲು ಬರೀ ಎಳೆದುಕೊಂಡು ಹೋಗುತ್ತಿದ್ದೆವು, ಮನೆಗೆ ಬೀಗ ಹಾಕುವುದು ಇದೇ ಮೊದಲು. ಬೀಗ ಮನೆಯಲ್ಲಿರಲಿಲ್ಲ, ಸತ್ತಾರಣ್ಣನ ಗ್ಯಾರೇಜಿನಿಂದ ಒಂದು ತಂದಿದ್ದೇನೆ. ನಾವಿಲ್ಲದಾಗ ನಮ್ಮನೆಯವರು ಬಂದರೆ ಕೀ ತನ್ನ ಹತ್ತಿರವೇ ಇರುತ್ತದೆ ಎಂದಿದ್ದಾನೆ.

ಆ ಊರಿನಲ್ಲಿ ಈಗಲೂ ಇದ್ದಾರೋ ಇಲ್ಲವೋ, ಯಾರಿಗೆ ಗೊತ್ತು? ಫೋಟೋ ಹಿಡಿದು ಅಂಗಡಿ ಅಂಗಡಿಗೆ ಹೋಗಿ ಕೇಳುತ್ತೇನೆ. ಲಾರಿ ನಿಲ್ಲುವ ಕಡೆಯಲ್ಲೆಲ್ಲ ಕೇಳುತ್ತೇನೆ. ಸಿಕ್ಕದಿದ್ದರೆ ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ. ಸಿಕ್ಕರೆ ಕ್ಷಮಿಸಿ ಎಂದು ಕೇಳುವುದಿಲ್ಲ. ಅದನ್ನು ಕೇಳುವ ಮುಖ ನನಗಿಲ್ಲ. ಅವರು ಕೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ — ಉಂಡ್ಲು ಕಣಯ್ಯ, ಅವ್ವ ಉಂಡ್ಲು.